ಭಟ್ಟರು ಕೂತ ಪೆಟ್ಟಿಗೆ

ನಮ್ಮ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಮೇಡಂ ಈಚೆಗೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಮಾತಿಗೆ ನಿಂತು ಬಾಯಿ ತೆರೆದದ್ದೇ ತಡ, ಮೈಕು ಕುಂಯ್ ಎಂದು ಕೂಗತೊಡಗಿತು. ಮೈಕ್ ಸೆಟ್ಟಿನವನು ಯಾವುದೋ ಗುಂಡಿ ತಿರುಗಿಸಿದ. ಕೂಗು ಇನ್ನೂ ಏರಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಕೊರಳಲ್ಲಿ ಸುಗಂಧರಾಜದ ಹಾರ ಹಾಕಿಕೊಂಡು ವೇದಿಕೆಯ ನಡುವೆ ಕೂತಿದ್ದ ಮೇಡಂ ಎದ್ದರು. ಮೆಟ್ಟಿಲಿಳಿದು ಹೋಗಿ, ಗೋಡೆಯ ಪಕ್ಕ ಇದ್ದ ಸ್ಪೀಕರ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಕಿನ ಕಡೆ ಅದರ ಬೆನ್ನು ಬರುವಂತೆ ತಿರುಗಿಸಿದರು. ಕೂಗು ನಿಂತಿತು. ಹಾರದ ಒಂದೆರಡು ಹೂವು ಅಲ್ಲೇ ಉದುರಿದವು.

"ಹ್ಞಾಂ, ಈಗ ಹೊಗಳಿ" ಎಂದು ಪ್ರಿನ್ಸಿಪಾಲರಿಗೆ ಹೇಳಿ, ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ಆಮೇಲೆ ಮಾತಾಡಿದವರೆಲ್ಲ ಅವರ ಶಿಸ್ತು, ಸಮಯಪಾಲನೆ, ವಿದ್ಯಾರ್ಥಿಗಳ ಮೇಲಿನ ಅಕ್ಕರೆ ಇವನ್ನೆಲ್ಲ ನೆನೆದರು. ಸುಳ್ಳಲ್ಲ. ಆದರೆ ನನ್ನ ಮಟ್ಟಿಗೆ ಅವರ ಬಗ್ಗೆ ಹೇಳಬೇಕಾದದ್ದನ್ನು ಅವರು ಪೆಟ್ಟಿಗೆ ತಿರುಗಿಸಿದಾಗಲೇ ಹೇಳಿಯಾಗಿತ್ತು. ನನ್ನನ್ನೂ ಮಾತಾಡಲು ಕರೆದರು. ನಾನು ತಲೆ ಅಲ್ಲಾಡಿಸಿ ಕೂತೇ ಇದ್ದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಗಣಿತ ಪಾಠ ಮಾಡಲು ತೀರ್ಥಹಳ್ಳಿಗೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಊರಿನ ಉಳ್ಳವರ ಮನೆಗಳಿಗೆ ಆಗ ತಾನೇ ಸ್ಟೀರಿಯೋ ಬರುತ್ತಿತ್ತು. ಯಾರದೋ ಅಳಿಯ ಕೊಲ್ಲಿ ದೇಶದಿಂದ ಕ್ಯಾಸೆಟ್ ಡೆಕ್ ತರುತ್ತಿದ್ದ. ಇನ್ಯಾರೋ ಬೆಂಗಳೂರಿನಿಂದ ಆಂಪ್ಲಿಫೈಯರ್ ತರಿಸುತ್ತಿದ್ದರು. ತಂದವರೆಲ್ಲ ಮಾಡುತ್ತಿದ್ದುದು ಒಂದೇ ಕೆಲಸ: ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ನಡುಮನೆಯ ಶೋಕೇಸಿನ ಮೇಲೆ ಒಂದಕ್ಕೊಂದು ತಾಗಿಸಿ ಇಟ್ಟು, ಧೂಳು ಬೀಳದಂತೆ ಕ್ರೋಶಾ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಡುವುದು. ನಂತರ, "ಅಷ್ಟು ದುಡ್ಡು ಕೊಟ್ರೂ ನಮ್ಮ ಹಳೇ ರೇಡಿಯೋನೇ ವಾಸಿ" ಎನ್ನುವುದು. ಆ ಮಾತು ಬಂತೆಂದರೆ ಮೇಡಂಗೆ ಕರೆ ಹೋಗುತ್ತಿತ್ತು.

ಅವರು ಬರುವ ರೀತಿಯೇ ಬೇರೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಪೆಟ್ಟಿಗೆಯ ಕಡೆ ನೋಡುತ್ತಿರಲಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟುತ್ತಿದ್ದರು. ತಲೆ ಓರೆ ಮಾಡಿ ಕೇಳಿಸಿಕೊಂಡು, ಎರಡು ಹೆಜ್ಜೆ ಸರಿದು ಮತ್ತೆ ತಟ್ಟುತ್ತಿದ್ದರು. ಮನೆಯ ಮಕ್ಕಳೂ ಹಿಂದೆ ಹಿಂದೆ ಚಪ್ಪಾಳೆ ತಟ್ಟುತ್ತ ಓಡಾಡುತ್ತಿದ್ದವು. "ಪೆಟ್ಟಿಗೆ ಆಮೇಲೆ. ಮೊದ್ಲು ಕೋಣೆ ಎಂತ ಹೇಳ್ತದೆ ಕೇಳ್ಬೇಕು" ಎನ್ನುವುದು ಅವರ ಮಾತು. ಕೇಳಿದ ಮೇಲೆ ಅಪ್ಪಣೆಗಳು ಹೊರಡುತ್ತಿದ್ದವು: ಈ ಗೋಡೆಗೊಂದು ಕಂಬಳಿ ತೂಗುಹಾಕಿ, ಆ ಕನ್ನಡಿ ತೆಗೀರಿ, ಜಮಖಾನೆ ಹಾಸಿ. ಕ್ರೋಶಾ ಬಟ್ಟೆಯನ್ನಂತೂ ಸ್ವತಃ ತೆಗೆದು ಮಡಚಿ ಮನೆಯಾಕೆಯ ಕೈಗೆ ಕೊಡುತ್ತಿದ್ದರು. ಹಾಗೆ ಕೊಟ್ಟಲ್ಲೆಲ್ಲ ಅವರಿಗೆ ಕಾಫಿ ಸ್ವಲ್ಪ ತಡವಾಗಿಯೇ ಬರುತ್ತಿತ್ತು.

ಪೇಟೆಯ ಡಾಕ್ಟರ ಮನೆಯಲ್ಲಿ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಡಾಕ್ಟರು ಪೆಟ್ಟಿಗೆಗಳನ್ನು ಒತ್ತಾಗಿ ಇಟ್ಟು ಹೆಮ್ಮೆಯಿಂದ ನಿಂತಿದ್ದರು.

"ಡಾಕ್ಟ್ರೇ, ಇದೆಂತದು, ಹೊಸ ಮದುವೆ ಗಂಡಹೆಂಡ್ತಿ ಥರ ಅಂಟಿಸಿ ಇಟ್ಟಿದ್ದೀರಿ?"

"ಮತ್ತೆ ಹೇಗಿಡ್ಬೇಕು ಮೇಡಂ?"

"ಜಗಳ ಆಡಿದವ್ರ ಥರ ಇಡಿ. ಇದು ಆ ಮೂಲೆ, ಅದು ಈ ಮೂಲೆ. ಮುಖ ಮಾತ್ರ ಇಬ್ರದೂ ನಿಮ್ಮ ಕಡೆ. ಆಗ ಇಬ್ರು ಹೇಳೋದೂ ಬೇರೆಬೇರೆ ಕೇಳ್ತದೆ."

ಡಾಕ್ಟರ ಹೆಂಡತಿ ಒಳಗಿನಿಂದಲೇ ನಕ್ಕರು. "ನಮ್ಮನೇಲಿ ಅದಕ್ಕೆ ಪೆಟ್ಟಿಗೆ ಯಾಕೆ ಮೇಡಂ, ನಾವೇ ಇದ್ದೀವಲ್ಲ" ಎಂದರು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. ಪುಸ್ತಕ ತರಿಸಿ ಓದಿದೆ, ಉಳಿದದ್ದನ್ನು ಕವಲೇದುರ್ಗದ ಕಲ್ಲು ಕಲಿಸಿತು ಎಂದರು. ಪ್ರತಿವರ್ಷ ವಿದ್ಯಾರ್ಥಿಗಳನ್ನು ಆ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ನಾನೂ ಹೋಗಿದ್ದೆ. ಅರಸರ ಹೆಸರುಗಳನ್ನು ಹೇಳಿ ಮುಗಿಸಿದ ಮೇಲೆ ಅವರು ಹುಡುಗಿಯರನ್ನು ಒಬ್ಬೊಬ್ಬರಾಗಿ ಬಯಲಿನಲ್ಲಿ, ಕಲ್ಲಿನ ಗೋಡೆಯ ಮುಂದೆ, ಗುಡಿಯೊಳಗೆ ನಿಲ್ಲಿಸಿ ತಮ್ಮ ತಮ್ಮ ಹೆಸರು ಹೇಳಿಸಿದರು. "ನೋಡಿ, ಹುಡುಗಿ ಅವಳೇ, ಗಂಟಲೂ ಅದೇ. ನಿಲ್ಲೋ ಜಾಗ ಬೇರೆ ಆಯ್ತು ಅಂದ್ರೆ ಕೇಳೋದೇ ಬೇರೆ." ಪರೀಕ್ಷೆಗೆ ಇದು ಬರುವುದಿಲ್ಲವಲ್ಲ ಮೇಡಂ ಎಂದು ಒಬ್ಬಳು ಕೇಳಿದಳು. "ಬರಲ್ಲ. ಅದಕ್ಕೇ ಗಮನ ಕೊಟ್ಟು ಕೇಳು" ಎಂದರು.

ಊರವರೆಲ್ಲರ ಮನೆಯ ಸ್ಟೀರಿಯೋ ಸರಿಮಾಡಿದ ಅವರ ಮನೆಯಲ್ಲಿ ಇದ್ದುದು ಮಾತ್ರ ಒಂದು ಹಳೆಯ ಮರ್ಫಿ ರೇಡಿಯೋ. ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಸ್ನೇಹ ಗಟ್ಟಿಯಾಗಿ ಉಳಿದದ್ದು ಹೀಗೆ ಕೇಳದೆ, ಹೇಳದೆ ಬಿಟ್ಟದ್ದರಿಂದಲೇ ಇರಬೇಕು. ಮನೆಯಲ್ಲಿ ಅವರೂ ಅವರ ತಂದೆಯೂ ಇಬ್ಬರೇ. ತಂದೆಯನ್ನು ಊರೆಲ್ಲ ಗೌಡರು ಎನ್ನುತ್ತಿತ್ತು. ಮೇಡಂ ಕರೆಯುತ್ತಿದ್ದುದು ಅಪ್ಪಯ್ಯ ಎಂದು.

ಗೌಡರು ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಇಬ್ಬರು ಮಾತಿನಲ್ಲೇ ಇಡೀ ಪ್ರಸಂಗ ನಡೆಸುತ್ತಾರೆ. ಬರೆದಿಟ್ಟು ಒಪ್ಪಿಸುವ ಮಾತಲ್ಲ ಅದು. ಎದುರಿನವನು ಕೇಳಿದ್ದಕ್ಕೆ ಆ ಕ್ಷಣವೇ ಉತ್ತರ ಕಟ್ಟಬೇಕು. ಗೌಡರಿಗೆ ಎದುರು ಕೂರುತ್ತಿದ್ದವರು ಸಾಗರದ ಭಟ್ಟರು. ತೀರ್ಥಹಳ್ಳಿಯಿಂದ ಸಾಗರದವರೆಗೆ ಎಲ್ಲೇ ಕೂಟವಾಗಲಿ, ಸಂಧಾನಕ್ಕೆ ಬರುವ ದೂತ ಭಟ್ಟರು, ಒಪ್ಪದ ರಾಜ ಗೌಡರು. ಜನ ಕತೆ ಕೇಳಲು ಬರುತ್ತಿರಲಿಲ್ಲ, ಇವರಿಬ್ಬರ ಜಟಾಪಟಿ ಕೇಳಲು ಬರುತ್ತಿದ್ದರು.

ನಾನು ಬರುವುದಕ್ಕೆ ಸ್ವಲ್ಪ ಮೊದಲು ಗೌಡರ ಕಿವಿ ಮಂದವಾಗಿತ್ತು. ಹೊಸನಗರದ ಒಂದು ಕೂಟದಲ್ಲಿ ಭಟ್ಟರು ರಾಜ್ಯದ ಪಾಲಿನ ವಿಷಯ ಎತ್ತಿ ನೇರವಾಗಿ ಒಂದು ಪ್ರಶ್ನೆ ಹಾಕಿದರು. ಗೌಡರಿಗೆ ಅದು ಕೇಳಿಸಲೇ ಇಲ್ಲ. ಭಟ್ಟರ ತುಟಿ ಅಲ್ಲಾಡುವುದು ನಿಂತಿದೆ, ಸಭೆ ತಮ್ಮ ಕಡೆ ನೋಡುತ್ತಿದೆ ಎಂದಷ್ಟೇ ಗೊತ್ತಾಯಿತು. "ಪ್ರಯಾಣದಿಂದ ಬಳಲಿದ್ದೀರಿ, ಮೊದಲು ವಿಶ್ರಮಿಸಿ" ಎಂದುಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು. ಅಂದು ಮನೆಗೆ ಬಂದವರು ಮತ್ತೆ ಯಾವ ಕೂಟಕ್ಕೂ ಹೋಗಲಿಲ್ಲ. ಭಟ್ಟರು ತಾವಾಗಿ ಮನೆಗೆ ಬಂದಾಗಲೂ ಕಾಫಿ ಕೊಟ್ಟು, ಹವೆಯ ವಿಷಯ ಮಾತಾಡಿ ಕಳಿಸಿಬಿಟ್ಟರು. ಮನೆಯೊಳಗೂ ಅವರ ಮಾತು ಊಟ, ಸ್ನಾನಗಳಿಗಷ್ಟೇ ಎಂಬಂತಾಯಿತು. ಕಿವಿಗೆ ಹಾಕುವ ಯಂತ್ರವನ್ನು ಮೇಡಂ ತರಿಸಿಕೊಟ್ಟಿದ್ದರು. "ಇದ್ರಲ್ಲಿ ಸೌಟಿನ ಸದ್ದೂ ಮನುಷ್ಯನ ಮಾತೂ ಒಂದೇ" ಎಂದು ಗೌಡರು ಅದನ್ನು ಕಪಾಟಿಗೆ ಸೇರಿಸಿದ್ದರು.

"ಅಪ್ಪಯ್ಯಂಗೆ ಸದ್ದು ಕೇಳ್ತದೆ, ಅಕ್ಷರ ಕೇಳಲ್ಲ" ಎಂದರು ಮೇಡಂ ಒಂದು ದಿನ, ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತ. "ಮನುಷ್ಯರ ಎದುರು ಕೂರೋಕೆ ಅವ್ರಿಗೆ ನಾಚಿಕೆ. ಪೆಟ್ಟಿಗೆ ಎದುರು ಕೂರಬಹುದೇನೋ. ಭಟ್ರನ್ನ ಪೆಟ್ಟಿಗೇಲಿ ತಂದು ಕೂರಿಸ್ತೀನಿ. ಒಂದು ಸಲ ಬಾಯಿ ಬಿಟ್ರೆ ಸಾಕು, ಆಮೇಲೆ ಅವ್ರೇ ಕೂಟಕ್ಕೆ ಹೊರಡ್ತಾರೆ."

ಹೀಗೆ, ಊರಿಗೆಲ್ಲ ಪೆಟ್ಟಿಗೆ ಕೂರಿಸಿದವರು ಕೊನೆಗೆ ತಮ್ಮ ಮನೆಗೊಂದು ಜೊತೆ ಕೊಳ್ಳಲು ಹೊರಟರು.

ಶಿವಮೊಗ್ಗದ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯವರು ಸಿನಿಮಾ ಹಾಡು ಹಾಕಿ ದನಿ ಏರಿಸಿದರು. ಗಾಜಿನ ಬಾಗಿಲು ನಡುಗಿತು. "ಬೇಸ್ ನೋಡಿ ಮೇಡಂ ಹೆಂಗಿದೆ! ಎದೆ ಗುಂಡಿಗೆ ನಡುಗತ್ತೆ!"

"ಗುಂಡಿಗೆ ನಡುಗೋದು ಬೇಡ. ವಾರ್ತೆ ಹಾಕಿ."

"ವಾರ್ತೆನಾ?"

ಮೇಡಂ ಚೀಲದಿಂದ ಒಂದು ಕ್ಯಾಸೆಟ್ ತೆಗೆದುಕೊಟ್ಟರು. ಅದರಲ್ಲಿ ಇದ್ದುದು ಅವರದೇ ದನಿ. ತಮ್ಮ ಪಠ್ಯದ ಒಂದು ಅಧ್ಯಾಯವನ್ನು ನಿಧಾನವಾಗಿ ಓದಿ ರೆಕಾರ್ಡ್ ಮಾಡಿಕೊಂಡಿದ್ದರು. ಅಂಗಡಿಯಲ್ಲಿದ್ದ ಒಂದೊಂದು ಪೆಟ್ಟಿಗೆಯಲ್ಲೂ ಅದೇ ಪುಟವನ್ನು ಹಾಕಿಸಿದರು. ಬೆನ್ನು ಮಾಡಿ ನಿಂತು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಕಣ್ಣು ಮುಚ್ಚಿ ಕೇಳಿದರು. ದೊಡ್ಡ ಪೆಟ್ಟಿಗೆಗಳಲ್ಲಿ ಅವರ ದನಿ ಗುಡಾಣದೊಳಗಿನಿಂದ ಬಂದಂತಿತ್ತು. ಮೂಲೆಯಲ್ಲಿ ಧೂಳು ಹಿಡಿದಿದ್ದ, ಯಾರೂ ಕೇಳದ ಒಂದು ಚಿಕ್ಕ ಜೊತೆ ಹಾಕಿದಾಗ ಮಾತ್ರ ತಲೆಯಾಡಿಸಿದರು. ಹತ್ತಿಯ ನಡುವೆಯೂ ಸಕಾರ, ಪಕಾರಗಳು ಬಿಡಿಬಿಡಿಯಾಗಿ ಬಂದವಂತೆ. ಆಂಪ್ಲಿಫೈಯರ್ ಕೂಡ ದೊಡ್ಡದು ಬೇಡವೆಂದರು. "ಗಟ್ಟಿ ಬೇರೆ, ಸ್ಪಷ್ಟ ಬೇರೆ. ಅಪ್ಪಯ್ಯಂಗೆ ಗಟ್ಟಿಯಾಗಿ ಹೇಳೋರು ಊರು ತುಂಬ ಇದ್ದಾರೆ."

ಅಂಗಡಿಯವರು ನನ್ನ ಕಡೆ ತಿರುಗಿ, "ಇವ್ರು ಯಾವ ಹಾಡು ಕೇಳ್ತಾರಮ್ಮ ಮನೇಲಿ?" ಎಂದು ಪಿಸುಗುಟ್ಟಿದರು.

ಮುಂದಿನ ಭಾನುವಾರ ಡಾಕ್ಟರ ಸ್ಟೀರಿಯೋ ರೆಕಾರ್ಡರನ್ನು ಎರವಲು ತಂದು, ಹೊಸನಗರದ ಮೇಲೆ ಹೋಗುವ ಬಸ್ಸಿನಲ್ಲಿ ಸಾಗರಕ್ಕೆ ಹೊರಟೆವು. ದಾರಿಯುದ್ದಕ್ಕೂ ಅದನ್ನು ಮೇಡಂ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಭಟ್ಟರು ಪೇಟೆಯೊಳಗಿನ ತಮ್ಮ ಮನೆಯ ಜಗುಲಿಯಲ್ಲಿ ಜಮಖಾನೆ ಹಾಸಿ ಕಾಯುತ್ತಿದ್ದರು. ತೆಳ್ಳನೆಯ ಮೈ, ಬಾಯಿ ತುಂಬ ಎಲೆಯಡಿಕೆ. ನೆರೆಮನೆಯ ಭಾಗವತರೂ ಮದ್ದಲೆಯವರೂ ಬಂದಿದ್ದರು. ಮೇಡಂ ಒಂದು ಮೈಕನ್ನು ಭಾಗವತರ ಮುಂದೆ, ಇನ್ನೊಂದನ್ನು ಭಟ್ಟರ ಮುಂದೆ ಇಟ್ಟರು. ಮನೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ಭಾಗವತರು, ಇನ್ನೊಂದರಲ್ಲಿ ಭಟ್ಟರು ಬರಬೇಕೆಂಬುದು ಲೆಕ್ಕ. ಆಮೇಲೆ ಚೀಲದಿಂದ ನೂಲು ತೆಗೆದು, ಕೂತ ಭಟ್ಟರ ಪಕ್ಕ ನೆಲದಿಂದ ಅವರ ಬಾಯಿಯವರೆಗೆ ಹಿಡಿದು ಒಂದು ಗಂಟು ಹಾಕಿದರು. ಪೆಟ್ಟಿಗೆಯನ್ನು ಅಷ್ಟೇ ಎತ್ತರದಲ್ಲಿ ಇಡಬೇಕಲ್ಲ.

"ಇದೆಂತ ತಂಗಿ, ನನ್ನ ಚಟ್ಟದ ಅಳತೆಯಾ?"

"ಚಟ್ಟಕ್ಕೆ ಇಷ್ಟು ಮೋಟು ಸಾಕಾಗಲ್ಲ ಭಟ್ರೇ."

ತೊಡಕು ಬಂದದ್ದು ಆಮೇಲೆ. ಭಾಗವತರು ಪದ ಹೇಳಿ ನಿಲ್ಲಿಸಿದರು. ಭಟ್ಟರು ಬಾಯಿ ತೆರೆದು ಹಾಗೇ ಮುಚ್ಚಿದರು. "ಎದುರಿಗೆ ಯಾರೂ ಇಲ್ದೆ ನಾನು ಯಾರ ಹತ್ರ ಮಾತಾಡ್ಲಿ? ಗೋಡೆ ಹತ್ರ ಸಂಧಾನ ಮಾಡಕ್ಕೆ ಆಗ್ತದಾ?"

ಮೇಡಂ ನನ್ನ ಕಡೆ ನೋಡಿದರು. "ನೀನು ಕೂರು. ನೀನೇ ರಾಜ."

"ನನಗೆ ಮಾತಾಡಲು ಬರುವುದಿಲ್ಲ ಮೇಡಂ."

"ಅದಕ್ಕೇ ನೀನು. ನಿನ್ನಷ್ಟು ಚೆನ್ನಾಗಿ ಸುಮ್ಮನಿರೋರು ಈ ಜಿಲ್ಲೇಲಿ ಇಲ್ಲ."

ಹೀಗೆ ನಾನು ಆ ಮಧ್ಯಾಹ್ನ ರಾಜನಾದೆ. ಭಟ್ಟರು ನನ್ನ ಮುಖ ನೋಡಿ ಮಾತು ಶುರುಮಾಡಿದರು, ನಡುವೆ ನಿಲ್ಲಿಸಿದರು. ಆ ಖಾಲಿ ಜಾಗದಲ್ಲಿ ಗೌಡರು ಏನು ಹೇಳುತ್ತಾರೆಂದು ಅವರಿಗೆ ಗೊತ್ತು. ಮೈಕಿಗೆ ಕೇಳದಂತೆ ನನಗೆ ಕೈಸನ್ನೆಯಲ್ಲೇ ತೋರಿಸುತ್ತಿದ್ದರು: ಈಗ ಮೀಸೆ ಮುಟ್ಟಿಕೊಳ್ಳುತ್ತಾರೆ, ಈಗ ಶಲ್ಯ ಸರಿಮಾಡಿಕೊಳ್ಳುತ್ತಾರೆ. ಟೇಪು ತಿರುಗುವಾಗಲೇ ಅಡುಗೆಮನೆಯಲ್ಲಿ ಒಂದು ಕೊಳದಪ್ಪಲೆ ಪಾತ್ರೆ ಬಿದ್ದು ಢಣಾರೆಂದಿತು. ಭಟ್ಟರು ಕಣ್ಣಲ್ಲೇ ರೇಗಿದರು. ಟೇಪು ನಿಂತ ಮೇಲೆ, ಅದನ್ನು ಅಳಿಸುವುದು ಬೇಡ, ಇರಲಿ ಎಂದರು ಮೇಡಂ.

ಮುಗಿದ ಮೇಲೆ ಭಟ್ಟರು ಹೇಳಿದರು: "ಮೊದಲ್ನೇ ಮಾತಿಗೆ ಶಲ್ಯ, ಮೀಸೆಗೆ ಸಾಕಾಗೋಷ್ಟು ಜಾಗ ಬಿಟ್ಟು, ಪ್ರಯಾಣದ ಉತ್ತರ ಹೇಳಿದ್ದೀನಿ. ಗೌಡ್ರು ಯಾವಾಗ್ಲೂ 'ಪ್ರಯಾಣ ಸುಖವಾಯಿತೇ' ಅಂತ್ಲೇ ಶುರು ಮಾಡೋದು. ನಮಸ್ಕಾರ ಹೇಳಿದ್ಹಾಗೆ ಅದು." ಆಮೇಲೆ ದನಿ ತಗ್ಗಿಸಿದರು. "ಹೊಸನಗರದಲ್ಲಿ ನಾನೂ ನಕ್ಕುಬಿಟ್ಟೆ ತಂಗಿ. ತಮಾಷೆಗೆ ಹೇಳಿದ್ದು ಅಂದ್ಕೊಂಡೆ."

ಮೇಡಂ ವೈರುಗಳನ್ನು ಸುತ್ತತೊಡಗಿದರು.

ಪೆಟ್ಟಿಗೆಗಳ ಸ್ಥಾಪನೆಗೆ ಒಂದು ಸಂಜೆ ಹಿಡಿಯಿತು. ನಡುಮನೆಯಲ್ಲಿ ಚಪ್ಪಾಳೆ ತಟ್ಟಿಯಾಯಿತು, ಗೋಡೆಗೆ ಕಂಬಳಿ ಬಂತು. ಭಾಗವತರ ಪೆಟ್ಟಿಗೆ ಪಕ್ಕದಲ್ಲಿ, ಮೇಜಿನ ಮೇಲೆ. ಭಟ್ಟರ ಪೆಟ್ಟಿಗೆ ಗೌಡರ ಕುರ್ಚಿಗೆ ನೇರ ಎದುರು, ಮಣೆಯ ಮೇಲೆ ಮಣೆ ಇಟ್ಟು ನೂಲಿನ ಗಂಟಿನಷ್ಟು ಎತ್ತರಕ್ಕೆ. ಅಷ್ಟು ಹೊತ್ತೂ ಗೌಡರು ಪೇಪರ್ ಹಿಡಿದು ಕೂತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ.

ಮೇಡಂ ಟೇಪು ಹಾಕಿದರು. ಮದ್ದಲೆ ನುಡಿಯಿತು, ಪದ ಬಂತು, ಭಟ್ಟರ ದನಿ ಬಂತು. ಗೌಡರು ಪೇಪರ್ ಇಳಿಸಿದರು. ಹುಬ್ಬು ಗಂಟಿಕ್ಕಿದರು.

"ಭಟ್ಟನ್ನ ಯಾಕೆ ಅಲ್ಲಿ ಕೂರಿಸಿದ್ದೀಯ? ಅದು ಭಾಗವತ್ರ ಜಾಗ."

ಊರಿಗೆಲ್ಲ ಎಡಬಲ ಹೇಳಿಕೊಟ್ಟ ಮೇಡಂ ತಮ್ಮ ಮನೆಯಲ್ಲಿ ವೈರುಗಳನ್ನು ಅದಲುಬದಲು ಮಾಡಿದ್ದರು! ಭಾಗವತರು ಮಣೆಯ ಮೇಲಿನಿಂದ ಹಾಡುತ್ತಿದ್ದರು, ಭಟ್ಟರು ಮೇಜು ಹತ್ತಿ ಕೂತಿದ್ದರು. ನಾನು ನಗು ತಡೆಯಲಾರದೆ ಅಡುಗೆಮನೆಗೆ ಹೋದೆ. ಮೇಡಂಗೆ ನಾಚಿಕೆಯಾಗಲಿಲ್ಲ. ಆಂಪ್ಲಿಫೈಯರಿನ ಹಿಂದೆ ಬಗ್ಗಿ ವೈರು ಬದಲಿಸುವಾಗ ಅವರ ಮುಖ ಹಬ್ಬದ ಮನೆಯಂತಿತ್ತು. "ಕೇಳಿದ್ಯಾ? ಯಾವ್ದು ಎಲ್ಲಿಂದ ಬರ್ತಿದೆ ಅಂತ ಅಪ್ಪಯ್ಯಂಗೆ ಗೊತ್ತಾಗ್ತಿದೆ!"

ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಈಗ ಎಲ್ಲರೂ ಅವರವರ ಜಾಗದಲ್ಲಿದ್ದರು. ಪದ ಮುಗಿಯಿತು. ಮಣೆಯ ಮೇಲಿಂದ ಭಟ್ಟರು, "ಮಹಾರಾಜನಿಗೆ ಜಯವಾಗಲಿ. ಸಂಧಾನವನ್ನು ಬಯಸಿ ಬಂದ ದೂತ ನಾನು" ಎಂದರು. ಹಿಂದೆಯೇ ಕೊಳದಪ್ಪಲೆ ಬಿದ್ದಿತು. ಗೌಡರ ತುಟಿಯಲ್ಲಿ ಒಂದು ಸಣ್ಣ ನಗು ಸುಳಿಯಿತು. "ಭಟ್ಟನ ಮನೆ ಅಡುಗೆಮನೆಯೂ ಬಂದಿದೆ" ಎಂದರು. ನಂತರ ಪೇಪರ್ ಮಡಚಿಟ್ಟರು. ಹೆಗಲ ಮೇಲೆ ಶಲ್ಯ ಇರಲಿಲ್ಲ. ಕುರ್ಚಿಯ ಬೆನ್ನಿಗಿದ್ದ ಟವೆಲನ್ನೇ ಎತ್ತಿ ಹಾಕಿಕೊಂಡರು. ಮೀಸೆ ಮುಟ್ಟಿಕೊಂಡರು.

ಪ್ರಯಾಣದ ಸುಖದುಃಖ ಕೇಳುವಷ್ಟು ತಾಳ್ಮೆ ಅವರಿಗೆ ಅಂದು ಇರಲಿಲ್ಲ. ಅಷ್ಟು ಕಾಲ ಒಳಗೆ ಕಟ್ಟಿಟ್ಟದ್ದು ಒಮ್ಮೆಗೇ ಹೊರಬಂತು: "ದೂತನೇ, ಉಪಚಾರದ ಮಾತು ಸಾಕು. ನಿನ್ನನ್ನು ಕಳಿಸಿದವರಿಗೆ ಬೇಕಾದದ್ದು ರಾಜ್ಯದ ಪಾಲೋ, ಅಥವಾ ಸಭೆಯ ಮುಂದೆ ನನ್ನ ಸೋಲೋ? ಅದನ್ನು ಹೇಳು!"

ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಕಂಬಳಿ ಹೊದಿಸಿದ ಗೋಡೆಯೂ ಅದನ್ನು ಹಿಡಿದುಕೊಳ್ಳಲಾರದೆ ಹೋಯಿತು.

ಪೆಟ್ಟಿಗೆ ವಿನಯದಿಂದ ಉತ್ತರಿಸಿತು: "ಪ್ರಯಾಣದ ಆಯಾಸವೇನೂ ಆಗಲಿಲ್ಲ ಮಹಾರಾಜ. ದಾರಿಯುದ್ದಕ್ಕೂ ನಿಮ್ಮ ಪ್ರಜೆಗಳು ನೀರು, ಬೆಲ್ಲ ಕೊಟ್ಟು ಉಪಚರಿಸಿದರು."

ಮೇಡಂ ಮುಖ ಬಿಳಿಚಿತು. ಹೊಸನಗರದಲ್ಲಿ ನಡೆದದ್ದೇ ಇದು. ಕೇಳಿದ್ದು ಪಾಲಿನ ವಿಷಯ, ಬಂದ ಉತ್ತರ ಪ್ರಯಾಣದ್ದು. ಮೇಡಂ ಟೇಪು ನಿಲ್ಲಿಸಲು ಕೈ ಚಾಚಿದರು.

ಗೌಡರು ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅದು ನೀರು, ಬೆಲ್ಲದ ವರ್ಣನೆಯನ್ನು ಬಿಡದೆ ಮುಂದುವರಿಸಿತ್ತು. ಮೊದಲು ಅವರ ಹೊಟ್ಟೆ ಕುಲುಕಿತು. ಆಮೇಲೆ ಹೆಗಲು. ಆಮೇಲೆ ಇಡೀ ಕುರ್ಚಿ.

"ಅಯ್ಯೋ ಮಾರಾಯ್ತಿ!" ಎಂದರು, ಕಣ್ಣೊರೆಸಿಕೊಳ್ಳುತ್ತ. "ಈ ಭಟ್ಟನ ಕಿವಿಯೂ ಹೋಗಿದೆಯಲ್ಲೇ! ನನಗಿಂತ ಕಡೆ!"

ಮೇಡಂ ನಕ್ಕರು, ನಾನೂ ನಕ್ಕೆ. ನಮ್ಮ ನಗುವಿನ ನಡುವೆ ಪೆಟ್ಟಿಗೆ ಗಂಭೀರವಾಗಿ ಸಂಧಾನ ಮುಂದುವರಿಸಿತು. ಕೊನೆಗೆ ಗೌಡರೇ ಕೈಯೆತ್ತಿದರು. "ನಿಲ್ಸು ಅದನ್ನ. ಎದುರಿನವನ ಮಾತು ಕೇಳದೆ ಇಷ್ಟು ಹೊತ್ತು ಮಾತಾಡ್ತಾನೆ ಅಂದ್ರೆ! ಸಾಗರಕ್ಕೆ ಬಸ್ಸು ಎಷ್ಟೊತ್ತಿಗೆ?"

ಆ ಬಸ್ಸಿನಲ್ಲಿ ನಾನೂ ಹೋದೆ. ಈ ಸಲ ಮೇಡಂ ತೊಡೆಯ ಮೇಲೆ ಯಾವ ಯಂತ್ರವೂ ಇರಲಿಲ್ಲ. ಭಟ್ಟರು ಸುದ್ದಿ ತಿಳಿದು ಜಗುಲಿ ತುಂಬ ಜನ ಸೇರಿಸಿದ್ದರು. ಗೌಡರನ್ನು ಕಂಡವರೇ ಒಳಗೆ ತಿರುಗಿ, "ಹೊರಗೆ ಬಾರೇ, ಗೌಡ್ರು ಬಂದ್ರು! ಪಾತ್ರೆ ಬೀಳ್ಸಡ ಇವತ್ತು!" ಎಂದು ಹೆಂಡತಿಯನ್ನು ಕೂಗಿದರು.

ಗೌಡರು ಜಮಖಾನೆಯ ಮೇಲೆ ಕೂತು ಎಲ್ಲರೆದುರೇ ಹೇಳಿದರು. "ಭಟ್ರೇ, ನನ್ಗೆ ಕಿವಿ ಸರಿಯಾಗಿ ಕೇಳಲ್ಲ. ನಿಧಾನ ಮಾತಾಡಿ. ಕೇಳದಿದ್ರೆ ಇನ್ನೊಂದ್ಸಲ ಹೇಳಿ ಅಂತೀನಿ. ನೀವು ಕೇಳಿದ್ದಕ್ಕೆ ನಾನು ಬೇರೆ ಎಂತಾದ್ರೂ ಉತ್ತರ ಕೊಟ್ರೆ ಜನ ನಗ್ಲಿ."

"ನಿಮ್ಮ ಕಿವಿ ನೆಟ್ಟಗಿದ್ದಾಗ್ಲಾದ್ರೂ ಗೌಡ್ರೇ," ಎಂದರು ಭಟ್ಟರು, "ನಾನು ಕೇಳಿದ್ದಕ್ಕೆ ಯಾವತ್ತು ನೆಟ್ಟಗೆ ಉತ್ತರ ಕೊಟ್ಟಿದ್ರಿ?"

ಜಗುಲಿ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಗೌಡರು.

ಭಾಗವತರು ಶ್ರುತಿ ಸರಿಮಾಡಿಕೊಳ್ಳುವಾಗ ಮೇಡಂ ಎದ್ದರು. ನನಗೆ ಮುಂದಿನದು ಗೊತ್ತಿತ್ತು. ಜಗುಲಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು, ತಲೆ ಓರೆ ಮಾಡಿ ಕೇಳಿದರು. ಆಮೇಲೆ ಭಟ್ಟರ ಹಿಂದೆ ಹೋಗಿ, ಎರಡೂ ಭುಜ ಹಿಡಿದು, ಅವರನ್ನು ಮಣೆ ಸಮೇತ ಸ್ವಲ್ಪ ಮುಂದೆ ಸರಿಸಿ, ಗೌಡರ ಕಡೆಗೆ ತುಸು ತಿರುಗಿಸಿದರು.

"ಎಂತ ತಂಗಿ, ನಾನೇನು ನಿನ್ನ ಪೆಟ್ಟಿಗೆಯಾ?"

"ಪೆಟ್ಟಿಗೆಗಿಂತ ವಾಸಿ" ಎಂದರು ಗೌಡರು. "ನಡುನಡುವೆ ಬಾಯಿ ಮುಚ್ತಾನೆ."

ಮೇಡಂ ನನ್ನ ಪಕ್ಕ ಬಂದು ಕೂತು, ಅಂಗಡಿಯಲ್ಲಿ ಮಾಡಿದಂತೆಯೇ ಕಣ್ಣು ಮುಚ್ಚಿಕೊಂಡರು. ಪದ ಮುಗಿಯಿತು. ದೂತ ತನ್ನ ಪ್ರಶ್ನೆಯನ್ನು ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಕೇಳಿದ. ಜಗುಲಿಯಲ್ಲಿ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಕಣ್ಣು ಮುಚ್ಚಿದ ಮೇಡಂಗೆ ಕಾಣುತ್ತಿಲ್ಲವಲ್ಲ ಎಂದು ನಾನು ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ:

"ಮೀಸೆ ಮುಟ್ಟಿಕೊಂಡರು."